ಮರಳ ಮೇಲೆ ಬರೆದ ಮಗ್ಗಿ



ದಾವಣಗೆರೆಯ ವಿದ್ಯಾನಗರದ ಬೀದಿಗಳಲ್ಲಿ ಸಂಜೆ ಐದರ ನಂತರ ನಡೆದುಹೋಗುವವರಿಗೆ ಒಂದು ಸದ್ದು ತಪ್ಪದೆ ಕೇಳಿಬರುತ್ತದೆ. ಗೇಟಿಗೆ ಟ್ಯೂಷನ್ ಫಲಕ ತೂಗುಹಾಕಿದ ಮನೆಗಳ ವರಾಂಡದಲ್ಲಿ ಮಕ್ಕಳು ಸಾಲಾಗಿ ಕುಳಿತು, ತಲೆಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತ, “ಟೂ ವನ್ ಝಾ ಟೂ, ಟೂ ಟೂ ಝಾ ಫೋರ್” ಎಂದು ಒಕ್ಕೊರಲಿನಿಂದ ಹೇಳುತ್ತಿರುತ್ತಾರೆ. ನಮ್ಮ ಆವರಣದಲ್ಲಿಯೂ ಸಂಜೆಯ ಹೊತ್ತು ಸುತ್ತಲಿನ ಕೆಲವು ಬಡ ಮಕ್ಕಳಿಗೆ ಪಾಠ ಹೇಳಿಕೊಡುವ ಪರಿಪಾಠವಿದೆ. ಅಲ್ಲಿಗೆ ಬರುವ ಮೂರನೆಯ ತರಗತಿಯ ಹುಡುಗಿಯೊಬ್ಬಳು ಹನ್ನೆರಡರವರೆಗಿನ ಮಗ್ಗಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾಳೆ. ಅವಳ ತಾಯಿ ಮಂಡಕ್ಕಿ-ಮಿರ್ಚಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ.

ಒಂದು ದಿನ ಅವಳನ್ನು ಕರೆದು ಕೇಳಿದೆ: “ಏಳು ಪ್ಲೇಟು ಇವೆ ಅಂತ ಇಟ್ಕೋ. ಒಂದೊಂದು ಪ್ಲೇಟಿನಲ್ಲಿ ಎಂಟೆಂಟು ಮಿರ್ಚಿ. ಒಟ್ಟು ಎಷ್ಟಮ್ಮಾ?” ಹುಡುಗಿ ಬೆರಳು ಮಡಿಸತೊಡಗಿದಳು. ಬೆರಳು ಸಾಲದೆ ಗೆಣ್ಣುಗಳನ್ನು ಎಣಿಸಿದಳು. ಬಹಳ ಹೊತ್ತಿನ ಮೇಲೆ “ಐವತ್ನಾಲ್ಕು, ಫಾದರ್” ಎಂದಳು. ನಾನು ಏನನ್ನೂ ಹೇಳದೆ “ಸೆವೆನ್ ಏಟ್?” ಎಂದೆ. “ಝಾ ಫಿಫ್ಟಿ ಸಿಕ್ಸ್!” ಎಂಬ ಉತ್ತರ ಸಿಡಿಲಿನಂತೆ ಬಂತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂಬ ಸುಳಿವು ಆ ಮುಖದಲ್ಲಿ ಇರಲಿಲ್ಲ. “ಝಾ ಅಂದರೆ ಏನಮ್ಮಾ?” ಎಂದು ಕೇಳಿದೆ. “ಅದು ಇಂಟು ಚಿಹ್ನೆ, ಫಾದರ್” ಎಂದಳು.

‘ಝಾ’ ಎಂಬ ಪದ ಯಾವ ಭಾಷೆಯಲ್ಲಿಯೂ ಇಲ್ಲ. ಇಂಗ್ಲಿಷಿನಲ್ಲಿ ‘ಎರಡುಗಳು ಎರಡಾದರೆ ನಾಲ್ಕು’ ಎಂಬರ್ಥದ ಮಾತಿನಲ್ಲಿ ಬಹುವಚನದ ಕೊನೆಯ ಅಕ್ಷರವೂ ಮುಂದಿನ ಕ್ರಿಯಾಪದವೂ ಅಂಟಿಕೊಂಡು, ನಮ್ಮ ಮಕ್ಕಳ ನಾಲಿಗೆಯ ಮೇಲೆ ಹೊರಳಿ ಹೊರಳಿ ಹುಟ್ಟಿದ ಅನಾಥ ಶಬ್ದವದು. ನಮ್ಮ ರಾಜ್ಯದಲ್ಲಿ ಮಾತ್ರವಲ್ಲ, ದೇಶದ ಉದ್ದಗಲಕ್ಕೂ ಲಕ್ಷಾಂತರ ಮಕ್ಕಳು ಇದನ್ನು ದಿನನಿತ್ಯ ಪಠಿಸುತ್ತಿದ್ದಾರೆ. ಮಕ್ಕಳಿಗೆ ಗುಣಾಕಾರವನ್ನು ಕಲಿಸುವ ಕೆಲಸ ಈ ನಾಡಿನಲ್ಲಿ ಹೇಗೆ ನಡೆದುಬಂತು ಎಂಬುದನ್ನು ಹುಡುಕಿ ಓದುವ ಆಸೆ ನನ್ನಲ್ಲಿ ಹುಟ್ಟಿದ್ದು ಆ ಸಂಜೆಯೇ. ಓದಿದ್ದನ್ನು ತಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಕನ್ನಡದ ಮಗ್ಗಿಯ ಮಾತನ್ನೇ ನೋಡಿ. “ಎರಡೊಂದಲಿ ಎರಡು, ಎರಡೆರಡಲಿ ನಾಲ್ಕು, ಎರಡ್ಮೂರಲಿ ಆರು.” ನಮ್ಮ ಕಡೆಯ ಆಡುಮಾತಿನಲ್ಲಿ ಈ ‘ಲಿ’ ಸವೆದು ‘ಲ’ ಆಗುವುದೂ ಉಂಟು. ನಾನು ಭಾಷಾಶಾಸ್ತ್ರಜ್ಞನಲ್ಲ, ಆದರೂ ನನ್ನ ಕಿವಿಗೆ ಇದು ಸಪ್ತಮೀ ವಿಭಕ್ತಿಯಂತೆ, ‘ಎರಡು, ಮೂರು ಕಡೆಗಳಲ್ಲಿ ಇದ್ದರೆ, ಆರು’ ಎಂದು ಹೇಳಿದಂತೆ ಕೇಳಿಸುತ್ತದೆ. ಕಂಬಳಿಯ ಮೇಲೆ ಮೂರು ಕಡೆ ಎರಡೆರಡು ಹುಣಸೆ ಬೀಜ ಇಟ್ಟು ತೋರಿಸಿದರೆ ಸಾಕು, ಮಗುವಿಗೆ ಪದವೂ ಅರ್ಥವೂ ಒಟ್ಟಿಗೆ ಸಿಗುತ್ತವೆ. ಆದರೆ ಹೀಗೆ ಯಾರಾದರೂ ನನಗೆ ತೋರಿಸಿದ್ದರೇ ಎಂದು ಕೇಳಿದರೆ, ಇಲ್ಲ. ನಾನು ಏಳೆಂಟಲಿ ಐವತ್ತಾರು ಎಂಬುದನ್ನು ಕಲಿತದ್ದು ಅಂಗೈಯ ಮೇಲೆ ಬಿದ್ದ ಬೆತ್ತದಿಂದ. ಹೊಡೆದ ಮೇಷ್ಟರ ಹೆಸರು ಇಲ್ಲಿ ಬೇಡ. ಅವರು ಕೆಟ್ಟವರೇನಲ್ಲ, ಅವರ ಅಂಗೈಗೂ ಹಾಗೆಯೇ ಬಿದ್ದಿರಬೇಕು.

ಮಗ್ಗಿಯ ಕುರಿತು ನನಗೆ ತಿಳಿದಿರುವ ಅತ್ಯಂತ ಸುಂದರವಾದ ವರ್ಣನೆಯನ್ನು ಬರೆದವನು ರೋಮ್ ನಗರದ ಒಬ್ಬ ಕಥೋಲಿಕ ಪ್ರವಾಸಿ, ಪಿಯೆತ್ರೊ ದೆಲ್ಲಾ ವಾಲ್ಲೆ. 1586ರಲ್ಲಿ ಹುಟ್ಟಿದ ಈತ 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿ, ಪವಿತ್ರ ನಾಡಿನ ಯಾತ್ರೆ ಮುಗಿಸಿ, ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಯುವತಿಯನ್ನು ವಿವಾಹವಾಗಿ, ಪರ್ಷಿಯಾದಲ್ಲಿ ಅವಳನ್ನು ಕಳೆದುಕೊಂಡವನು. ಮಡದಿಯ ದೇಹವನ್ನು ಸುಗಂಧದ್ರವ್ಯಗಳಲ್ಲಿ ಕಾಪಿಟ್ಟು, ಶವಪೆಟ್ಟಿಗೆಯನ್ನು ಭಾರತದ ದಾರಿಯಾಗಿ ರೋಮಿಗೆ ಒಯ್ದು, 1627ರಲ್ಲಿ ಸಮಾಧಿ ಮಾಡಿದನು. ಇಂಥ ದುಃಖವನ್ನು ಹೊತ್ತವನಿಗೆ ದಾರಿಯಲ್ಲಿ ಕಂಡ ಮಕ್ಕಳ ಆಟಪಾಠಗಳನ್ನು ನಿಂತು ನೋಡುವ ಮನಸ್ಸು ಹೇಗೆ ಉಳಿದಿತ್ತೋ ನಾನರಿಯೆ. ಆದರೆ ಉಳಿದಿತ್ತು.

1623ರ ಕೊನೆಯ ತಿಂಗಳುಗಳಲ್ಲಿ ಆತ ಪೋರ್ಚುಗೀಸ್ ರಾಯಭಾರಿಯ ಪರಿವಾರದೊಡನೆ ಗೋವೆಯಿಂದ ಹೊನ್ನಾವರಕ್ಕೆ ಬಂದು, ಶರಾವತಿಯ ಮೇಲೆ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಸಾಗಿ, ಘಟ್ಟ ಹತ್ತಿ, ಕೆಳದಿಯ ವೆಂಕಟಪ್ಪ ನಾಯಕನ ರಾಜಧಾನಿ ಇಕ್ಕೇರಿಗೆ ಹೊರಟಿದ್ದನು. ದಾರಿಯ ಹಳ್ಳಿಯೊಂದರಲ್ಲಿ ಆಳುಗಳು ಹೊರೆ ಕಟ್ಟುತ್ತಿದ್ದಾಗ ಅವನು ದೇವಸ್ಥಾನದ ಜಗಲಿಯಲ್ಲಿ ಕಾಲ ಕಳೆಯುತ್ತ ನಿಂತನು. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಗುರು ಹತ್ತಿರದಲ್ಲಿರಲಿಲ್ಲ, ಪಾಠ ಕೊಟ್ಟು ಹೋಗಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ಹುಡುಗ ರಾಗವಾಗಿ ‘ಒಂದು ಒಂದರಲ್ಲಿ ಒಂದು’ ಎಂಬರ್ಥ ಬರುವಂತೆ ಹಾಡುತ್ತ, ಹಾಡುವಾಗಲೇ ಬೆರಳಿನಿಂದ ಆ ಅಂಕಿಯನ್ನು ಮರಳಿನಲ್ಲಿ ಬರೆದನು. ಉಳಿದ ಮೂವರೂ ಅದನ್ನೇ ಹಾಡಿ ಅದನ್ನೇ ಬರೆದರು. ಮತ್ತೆ ಮೊದಲಿನವನು ಮುಂದಿನ ಸಾಲು, ಮತ್ತೆ ಮೂವರೂ. ನೆಲ ತುಂಬಿದಾಗ ಅಂಗೈಯಿಂದ ಸವರಿ ಅಳಿಸಿ, ಪಕ್ಕದಲ್ಲಿದ್ದ ಗುಪ್ಪೆಯಿಂದ ಒಂದಿಷ್ಟು ಹೊಸ ಮರಳು ಚೆಲ್ಲಿ ಮುಂದುವರಿದರು. ಕಾಗದವಿಲ್ಲ, ಲೇಖನಿಯಿಲ್ಲ, ಮಸಿಯಿಲ್ಲ.

ದೆಲ್ಲಾ ವಾಲ್ಲೆ ಬರಿದೆ ನೋಡಿ ಹೋಗಲಿಲ್ಲ; ಪ್ರಶ್ನೆ ಕೇಳಿದನು. ನೀವೆಲ್ಲರೂ ವಿದ್ಯಾರ್ಥಿಗಳೇ; ಮರೆತರೆ, ತಪ್ಪಿದರೆ ತಿದ್ದುವವರು ಯಾರು ಎಂದನು. ಹುಡುಗರು ಕೊಟ್ಟ ಉತ್ತರವನ್ನು ಅವನು ಮೆಚ್ಚಿ ಬರೆದಿಟ್ಟಿದ್ದಾನೆ. ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲವೆಂದೂ, ಒಬ್ಬ ತಪ್ಪಿದರೆ ಉಳಿದವರು ತಿದ್ದಲೆಂದೇ ಹೀಗೆ ಒಟ್ಟಾಗಿ ಕುಳಿತಿರುವುದೆಂದೂ ಅವರು ಹೇಳಿದರಂತೆ. 1623ರ ನವೆಂಬರ್ 22ರಂದು ಇಕ್ಕೇರಿಯಿಂದ ನೇಪಲ್ಸ್ ನಗರದ ತನ್ನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊಗೆ ಬರೆದ ಪತ್ರದಲ್ಲಿ ಈ ಸಂಗತಿಯಿದೆ. ಹುಡುಗರ ಹೆಸರುಗಳನ್ನು ಅವನು ಬರೆಯಲಿಲ್ಲ. ಆ ಸೀಮೆಯಲ್ಲಿ ದೇವಸ್ಥಾನದ ಜಗಲಿಯ ಮೇಲೆ ಹಾಡಿದ ಭಾಷೆ ಕನ್ನಡವೇ ಇರಬೇಕು. ಅವನ ಇಟಾಲಿಯನ್ ಅನುವಾದದ ಒಳಗೆ ‘ಒಂದೊಂದಲಿ ಒಂದು’ ಅಡಗಿದೆಯೆಂದು ನಾನು ಊಹಿಸಿಕೊಂಡು ಸಂತೋಷಪಡುತ್ತೇನೆ.

ರಾಗದ ಮಾತು ಬಂದುದರಿಂದ ಒಂದು ಸಣ್ಣ ನೆನಪು. ನಾವು ಗುರುಮಠದಲ್ಲಿದ್ದಾಗ ಪ್ರಾರ್ಥನಾಲಯದಲ್ಲಿ ಎರಡು ಸಾಲಾಗಿ ನಿಂತು ಕೀರ್ತನೆಗಳನ್ನು ಹಾಡುತ್ತಿದ್ದೆವು. ಒಂದು ಸಾಲು ಒಂದು ಚರಣ, ಎದುರು ಸಾಲು ಮುಂದಿನ ಚರಣ. ಹೊಸದಾಗಿ ಸೇರಿದವನು ತಿಂಗಳೊಳಗೆ ಪುಸ್ತಕ ಮುಚ್ಚಿ ಹಾಡುತ್ತಿದ್ದನು. ಯಾರೂ ಅವನಿಗೆ ಬಾಯಿಪಾಠ ಮಾಡಲು ಹೇಳಿರಲಿಲ್ಲ. ಆದರೆ ಪಾಠ ನಾಲಿಗೆಗೆ ಬಂದ ಎಷ್ಟೋ ವರ್ಷಗಳ ಮೇಲೆ, ಯಾವುದೋ ಸಾವಿನ ಮನೆಯಲ್ಲಿ, ಅದರ ಅರ್ಥ ಎದೆಗೆ ಬಂದದ್ದು ನನ್ನ ಅನುಭವ. ಆದುದರಿಂದ ಕಂಠಪಾಠವೆಂದರೆ ಮೂಗು ಮುರಿಯುವವರ ಜೊತೆಗೆ ನಾನು ಪೂರ್ತಿಯಾಗಿ ಸೇರಲಾರೆ. ಅರ್ಥ ತಡವಾಗಿ ಬರಬಹುದು. ಬಾರದೆಯೇ ಹೋಗಬಾರದು, ಅಷ್ಟೆ.

ಇಕ್ಕೇರಿಯ ಪತ್ರಕ್ಕೆ ಸರಿಯಾಗಿ 200 ವರ್ಷಗಳ ನಂತರ, 1823ರಲ್ಲಿ, ನಮ್ಮ ನೆರೆಯಲ್ಲಿಯೇ ಇನ್ನೊಂದು ದಾಖಲೆ ಹುಟ್ಟಿತು. ಮೈಸೂರು ಸೀಮೆಯಲ್ಲಿ ಬಹುಕಾಲ ದುಡಿದು, ಜನರಿಂದ ‘ದೊಡ್ಡಸ್ವಾಮಿಯವರು’ ಎನಿಸಿಕೊಂಡ ಫ್ರೆಂಚ್ ಗುರು ಅಬ್ಬೆ ದುಬ್ವಾ ಭಾರತವನ್ನು ಬಿಟ್ಟು ಹೋದದ್ದೂ ಅದೇ ವರ್ಷ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಪ್ರಾಂತ್ಯದ ಎಲ್ಲ ಜಿಲ್ಲಾಧಿಕಾರಿಗಳಿಂದ ಊರ ಶಾಲೆಗಳ ವಿವರ ಕೇಳಿದ್ದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರಿಸಿದನು. ಅಂದಿನ ಬಳ್ಳಾರಿ ಬಹು ದೊಡ್ಡ ಜಿಲ್ಲೆ; ಇಂದಿನ ಅನಂತಪುರದ ಕಡೆಯೂ ಅದರಲ್ಲಿತ್ತು, ಹರಿಹರದಿಂದ ಉತ್ತರಕ್ಕಿರುವ ಹರಪನಹಳ್ಳಿಯೂ ಅದರಲ್ಲಿತ್ತು. ಹರಪನಹಳ್ಳಿ ನಮ್ಮ ದಾವಣಗೆರೆ ಜಿಲ್ಲೆ 1997ರಲ್ಲಿ ರಚನೆಯಾದಾಗ ಇದರ ಜೊತೆಗೆ ಬಂದು, ಅನಂತರ ಮರಳಿ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹರಿಹರ ಮಾತ್ರ ಆಗ ಮೈಸೂರಿನ ಸೀಮೆ. ಮೈಸೂರಿನ ಊರ ಶಾಲೆಗಳಿಗೆ ಇಂಥ ಗಣತಿ ಆ ಕಾಲದಲ್ಲಿ ನಡೆಯಲಿಲ್ಲ. ಆದರೆ ಗಡಿಯ ಆಚೆಯ ಐಗಳ ಮಠಕ್ಕೂ ಈಚೆಯದಕ್ಕೂ ಬಹಳ ಅಂತರವಿದ್ದಿರಲಾರದು.

ಕ್ಯಾಂಪ್‌ಬೆಲ್‌ನ ವರದಿಯಂತೆ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಶಾಲೆಗೆ ಸುಮಾರು ಹನ್ನೆರಡು ಮಕ್ಕಳಾದರು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮಗು ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತೀಡಬೇಕು. ಆಮೇಲೆ ಬಳಪ, ಕಡತ. ಲೆಕ್ಕದಲ್ಲಿ ಕೂಡುವ ಮಗ್ಗಿ ಮೊದಲು, ನೂರರವರೆಗಿನ ಎಣಿಕೆ, ಹಣದ ಕೂಡು-ಕಳೆ, ಬಳಿಕ ಗುಣಾಕಾರ. ದಿನಕ್ಕೆ ಎರಡು ಬಾರಿ ಮಕ್ಕಳೆಲ್ಲ ಸಾಲಾಗಿ ನಿಂತು, ಮುಂದಾಳು ಹುಡುಗನೊಬ್ಬ ಹೇಳಿಕೊಟ್ಟಂತೆ ಮಗ್ಗಿಯನ್ನೂ ಅಳತೆ-ತೂಕಗಳ ಕೋಷ್ಟಕವನ್ನೂ ಒಕ್ಕೊರಲಿನಿಂದ ಹೇಳಬೇಕು. ಜಗಲಿಯ ನಾಲ್ವರು ಹುಡುಗರ ಕ್ರಮವೇ 200 ವರ್ಷಗಳ ಮೇಲೆ ಇಡೀ ಜಿಲ್ಲೆಯ ಕ್ರಮವಾಗಿ ಕಾಣಿಸುತ್ತದೆ.

ಆ ಅಧಿಕಾರಿಯ ಗಮನವನ್ನು ವಿಶೇಷವಾಗಿ ಸೆಳೆದದ್ದು ಭಿನ್ನರಾಶಿ. ನಮ್ಮ ಭಿನ್ನಗಳು ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಇಳಿಯುತ್ತವೆಂದೂ, ಅವನ್ನು ಕಲಿಸಲು ಶಾಲೆಗಳು ಬಹಳ ಶ್ರಮಪಡುತ್ತವೆಂದೂ ಅವನು ಬರೆದನು. ಕಾಲು, ಅದರಲ್ಲಿ ನಾಲ್ಕನೆಯ ಒಂದು ಪಾಲು ವೀಸ, ಎಂದರೆ ಹದಿನಾರನೆಯ ಒಂದು, ಅದರ ನಾಲ್ಕನೆಯ ಒಂದು ಪಾಲು ಕಾಣಿ, ಅರವತ್ನಾಲ್ಕನೆಯ ಒಂದು. ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ನನ್ನ ತಾತನವರು ಇವನ್ನು ಊಟದ ಎಲೆಯ ಮುಂದೆ ಕುಳಿತಾಗಲೂ ಗುನುಗುತ್ತಿದ್ದರು: “ಕಾಲೊಂದಲಿ ಕಾಲು, ಕಾಲೆರಡಲಿ ಅರೆ, ಕಾಲ್ಮೂರಲಿ ಮುಕ್ಕಾಲು, ಕಾಲ್ನಾಲ್ಕಲಿ ಒಂದು.” ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ, ಒಂದೂವರೆಯ ಮಗ್ಗಿ ಎಲ್ಲವೂ ಅವರಿಗೆ ಬರುತ್ತಿದ್ದವು. ಧಾರವಾಡ-ಬೆಳಗಾವಿಯ ಕಡೆ ಮರಾಠಿಯ ಪ್ರಭಾವದಿಂದ ಇವಕ್ಕೆ ಪಾವಕಿ, ನಿಮಕಿ, ಪಾವಣಕಿ, ಸವಾಯಕಿ ಎಂಬ ಹೆಸರುಗಳಿದ್ದವು. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ, ಖಂಡುಗಕ್ಕೆ ಇಪ್ಪತ್ತು ಕೊಳಗ ಇದ್ದ ಲೋಕದಲ್ಲಿ ಈ ಮಗ್ಗಿ ಅನ್ನದ ಪ್ರಶ್ನೆಯಾಗಿತ್ತು. ತೂಕದವನು ಬಾಯಲ್ಲೇ ಲೆಕ್ಕ ಹೇಳುವಾಗ ರೈತನಿಗೂ ಮುಕ್ಕಾಲಿನ ಮಗ್ಗಿ ಬರುತ್ತಿದ್ದರೆ ಮೋಸ ಹೋಗುವ ಸಂಭವ ಕಡಿಮೆ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು, ಹಿಂದೆಯೇ ಕಿಲೋ-ಲೀಟರುಗಳು ಬಂದವು. ಭಿನ್ನದ ಮಗ್ಗಿ ಶಾಲೆಯನ್ನು ಬಿಟ್ಟುಹೋಯಿತು. ದಶಮಾಂಶದಿಂದ ಲೆಕ್ಕ ಸುಲಭವಾಯಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂದು ಐದನೆಯ ತರಗತಿಯ ಮಗುವಿಗೆ ಮುಕ್ಕಾಲರ ಮೂರರಷ್ಟು ಎಷ್ಟು ಎಂದು ಕೇಳಿ ನೋಡಿ.

ಹಾಗೆಂದು ಹಳೆಯ ಮಠವನ್ನು ಹೊಗಳುತ್ತ ಕೂರುವುದು ನನ್ನಿಂದಾಗದು. ಅದೇ ವರದಿಯ ಇನ್ನೊಂದು ಅಂಕಿ ನನ್ನನ್ನು ತಡೆಯುತ್ತದೆ. 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು 60. ಸುಮಾರು ಒಂಬತ್ತು ಶಾಲೆಗೆ ಒಬ್ಬಳು. ಶಿಕ್ಷೆಯ ವಿಷಯವೂ ಅಲ್ಲಿದೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಸಾಲು ಬೆಳೆದಂತೆ ಏಟೂ ಬೆಳೆಯುತ್ತಿತ್ತು. ಸೋಮಾರಿಯನ್ನು ಕೈಕಟ್ಟಿ ಮಾಡಿಗೆ ತೂಗುಹಾಕುತ್ತಿದ್ದರು. ನಮ್ಮ ಹಿರಿಯರು ಕೋದಂಡ ಎನ್ನುತ್ತಿದ್ದುದು ಇದನ್ನೇ. ಎದ್ದು ಕೂರುವ ಬಸ್ಕಿ ಬೇರೆ. ಮಾಡಿಗೆ ತೂಗಿದ ಮಗುವಿನ ಬಾಯಿಗೆ ಮಗ್ಗಿ ಬಂದಿರಬಹುದು, ಆದರೆ ಅದರೊಂದಿಗೆ ಇನ್ನೇನೇನು ಬಂತೆಂದು ಯಾವ ಕಲೆಕ್ಟರನೂ ಬರೆಯಲಿಲ್ಲ.

ಕ್ಯಾಂಪ್‌ಬೆಲ್ ಮೆಚ್ಚಿದ್ದೂ ಉಂಟು. ಕಡಿಮೆ ಖರ್ಚಿನಲ್ಲಿ ಬರೆಯಲು ಕಲಿಸುವ ಕ್ರಮವನ್ನೂ, ಮುಂದಿನ ಮಗು ಹಿಂದಿನ ಮಗುವಿಗೆ ಹೇಳಿಕೊಡುತ್ತ ತನ್ನ ಕಲಿಕೆಯನ್ನೇ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನೂ ಹೊಗಳಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದನು. ಆ ಅನುಕರಣೆಯ ಕಥೆ ಸಣ್ಣದು. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯನ್ನು ನಡೆಸುತ್ತಿದ್ದ ಆಂಗ್ಲಿಕನ್ ಪಾದ್ರಿ ಆ್ಯಂಡ್ರೂ ಬೆಲ್, ಸ್ಥಳೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ತರಬಯಸಿದನು. ಉಪಾಧ್ಯಾಯರು ಒಪ್ಪಲಿಲ್ಲ. ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಚಿಕ್ಕ ಮಕ್ಕಳ ಪಾಠ ವಹಿಸಿದನು, ಕೆಲಸ ನಡೆಯಿತು. 1797ರಲ್ಲಿ ಲಂಡನ್ನಿನಲ್ಲಿ ಈ ಕುರಿತು ಪುಸ್ತಕ ಪ್ರಕಟಿಸಿದನು. ಬೆಲ್ ಮತ್ತು ಜೋಸೆಫ್ ಲಂಕಾಸ್ಟರ್ ಎಂಬಿಬ್ಬರ ಹೆಸರಿನಲ್ಲಿ ಅದು ಯೂರೋಪು ಅಮೆರಿಕಗಳಿಗೆ ಹಬ್ಬಿತು. ಅಲ್ಲಿ ಅದು ನೂರಾರು ಮಕ್ಕಳನ್ನು ಒಂದೇ ಕೋಣೆಯಲ್ಲಿ ತುಂಬಿ ಅಗ್ಗದಲ್ಲಿ ಪಾಠ ಹೇಳುವ ಕಾರ್ಖಾನೆಯಂತಾಯಿತು ಎಂಬುದೂ ಸತ್ಯವೇ. ನಾಲ್ವರು ಪರಸ್ಪರ ತಿದ್ದಿಕೊಳ್ಳುವುದಕ್ಕೂ ನಾನೂರು ಮಂದಿ ಒಬ್ಬನ ಸಿಳ್ಳೆಗೆ ಕುಣಿಯುವುದಕ್ಕೂ ವ್ಯತ್ಯಾಸವಿದೆ.

ಈಗ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಪೂರ್ವಿಕರು ಗುಣಾಕಾರವನ್ನು ಬರೀ ಉರುಹೊಡೆದರೇ? ಹಾಗೆ ಹೇಳುವವರು ಈ ನೆಲದ ಗಣಿತಗ್ರಂಥಗಳನ್ನು ತೆರೆದಿರಲಾರರು. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನಾಚಾರ್ಯ ಮಹಾವೀರ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದರು. ಗುಣಾಕಾರದ ಕ್ರಮವೊಂದಕ್ಕೆ ಅಲ್ಲಿ ಕವಾಟಸಂಧಿ ಎಂಬ ಹೆಸರಿದೆ; ಬಾಗಿಲಿನ ಎರಡು ಕದಗಳು ಕೂಡುವಂತೆ ಎರಡು ಸಂಖ್ಯೆಗಳನ್ನು ಒಂದರ ಮೇಲೊಂದು ಹೊಂದಿಸಿ, ಒಂದನ್ನು ಸರಿಸುತ್ತ ಸರಿಸುತ್ತ ಗುಣಿಸುವ ಕ್ರಮ. ಧೂಳು ಹರಡಿದ ಹಲಗೆಯ ಮೇಲೆ ಅಳಿಸಿ ಬರೆಯುವುದು ಸುಲಭವಾದ್ದರಿಂದ ಇಂಥ ಕ್ರಮ ಸಾಧ್ಯವಾಯಿತು. ಮತ್ತೆ ಮರಳಿಗೇ ಬಂದೆವಲ್ಲವೇ! ಆ ಆಚಾರ್ಯರು ಮಕ್ಕಳ ಮನಸ್ಸು ಬಲ್ಲವರು. ಉತ್ತರ ಹಾರದಂತೆ ಎರಡೂ ಕಡೆಯಿಂದ ಒಂದೇ ಬಗೆಯಾಗಿ ಕಾಣುವ ಲೆಕ್ಕಗಳನ್ನು ಕೊಟ್ಟು, ಅವನ್ನು ಕಂಠಾಭರಣಕ್ಕೆ ಹೋಲಿಸಿದರು. 139ನ್ನು 109ರಿಂದ ಗುಣಿಸಿ, 15151 ಬರುತ್ತದೆ. 12345679ನ್ನು 9ರಿಂದ ಗುಣಿಸಿ. ಒಂಬತ್ತು ಒಂದುಗಳ ಹಾರ, 111111111. ನಮ್ಮ ಸಂಜೆಯ ಮಕ್ಕಳಿಗೆ ಎರಡನೆಯದನ್ನು ಕೊಟ್ಟೆ. ಗಲಾಟೆ ಮಾಡುವ ಹುಡುಗನೊಬ್ಬ ಉತ್ತರ ಬಂದ ಮೇಲೂ ನಂಬದೆ ಮೂರು ಬಾರಿ ಮಾಡಿ ನೋಡಿದನು.

1150ರಲ್ಲಿ ಭಾಸ್ಕರಾಚಾರ್ಯರು ಬರೆದ ‘ಲೀಲಾವತಿ’ಯಲ್ಲಿ ಗುಣಾಕಾರದ ಮೊದಲ ಉದಾಹರಣೆಯನ್ನು ಒಬ್ಬ ಬಾಲೆಗೇ ಕೇಳಲಾಗಿದೆ: 135ನ್ನು 12ರಿಂದ ಗುಣಿಸಿದರೆ ಎಷ್ಟು? ಉತ್ತರ 1620. ಆದರೆ ಸೊಗಸು ಉತ್ತರದಲ್ಲಿಲ್ಲ, ದಾರಿಗಳಲ್ಲಿದೆ. 12ನ್ನು 8 ಮತ್ತು 4 ಎಂದು ಒಡೆದು ಬೇರೆ ಬೇರೆ ಗುಣಿಸಿ ಕೂಡಬಹುದು. 10 ಮತ್ತು 2 ಎಂದು ಒಡೆಯಬಹುದು. ಮೊದಲು 3ರಿಂದ, ಬಂದುದನ್ನು 4ರಿಂದ ಗುಣಿಸಬಹುದು. ಸಂಖ್ಯೆಯನ್ನು ಒಡೆದು ಗುಣಿಸುವುದನ್ನು ಇಂದಿನ ಶಿಕ್ಷಣತಜ್ಞರು ಹೊಸ ವಿಧಾನವೆಂಬಂತೆ ತರಬೇತಿಗಳಲ್ಲಿ ಹೇಳುವಾಗ ನನಗೆ ನಗು ಬರುತ್ತದೆ. ಅದೇ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನ ಕವಿ ‘ವ್ಯವಹಾರಗಣಿತ’ ಮೊದಲಾದ ಗ್ರಂಥಗಳಿಂದ ಗಣಿತವನ್ನು ಕನ್ನಡದಲ್ಲಿಯೇ ಹೇಳಿದನು. ಅಷ್ಟು ಹಿಂದೆಯೇ ಈ ವಿದ್ಯೆಗೆ ನಮ್ಮ ನುಡಿ ಸಾಕಾಗಿತ್ತು. ಗ್ರಂಥದ ಈ ತಿಳಿವು ಊರ ಜಗಲಿಯವರೆಗೆ ಎಷ್ಟು ಇಳಿದು ಬಂತು ಎಂಬುದು ಬೇರೆ ಮಾತು. ಕ್ಯಾಂಪ್‌ಬೆಲ್ ಕಂಡ ಶಾಲೆಗಳಲ್ಲಿ ಹಾಡು ಉಳಿದಿತ್ತು. ಒಡೆದು ನೋಡುವ ಆಟ ಉಳಿದಿದ್ದಂತೆ ಆ ವರದಿಯಲ್ಲಿ ಕಾಣಿಸುವುದಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೈಸೂರು ಸೀಮೆಯಲ್ಲಿ 1868ರ ಸುಮಾರಿಗೆ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳು ಹುಟ್ಟಿದವು; ಮರಳು ಹೋಗಿ ಸ್ಲೇಟು ಬಂತು; ಅಚ್ಚಾದ ಮಗ್ಗಿ ಪುಸ್ತಕ ಬಂತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಕೂಡಿ ‘ನಲಿ-ಕಲಿ’ಯನ್ನು ಆರಂಭಿಸಿದರು, 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಮಕ್ಕಳು ಚಿಕ್ಕ ಗುಂಪುಗಳಾಗಿ ನೆಲದ ಮೇಲೆ ಕುಳಿತು, ಕಾರ್ಡುಗಳನ್ನು ಹಿಡಿದು, ಮಣಿ-ಬೀಜಗಳನ್ನು ಜೋಡಿಸಿ, ಒಬ್ಬರಿಗೊಬ್ಬರು ಹೇಳಿಕೊಡುತ್ತ ಕಲಿಯುವ ಈ ಕ್ರಮವನ್ನು ಕಂಡಾಗ ಇಕ್ಕೇರಿಯ ದಾರಿಯ ಜಗಲಿಯೇ ನೆನಪಾಗುತ್ತದೆ. ಸ್ಥಿತಿವಂತರು ಇದನ್ನು ಬಡ ಮಕ್ಕಳ ಆಟವೆಂದು ತಿಳಿದು ತಮ್ಮ ಮಕ್ಕಳನ್ನು ‘ಝಾ’ ಕಡೆಗೆ ಕಳುಹಿಸಿದರು. ನಂತರ ಬಡವರೂ ಸಾಲ ಮಾಡಿ ಅದೇ ದಾರಿ ಹಿಡಿದರು. ನಮ್ಮ ಕ್ರೈಸ್ತ ಶಾಲೆಗಳು ಈ ಓಟದಲ್ಲಿ ಮುಂದೆಯೇ ಇದ್ದವು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

2005ರಿಂದ ನಡೆದುಬರುತ್ತಿರುವ ‘ಅಸರ್’ ಸಮೀಕ್ಷೆಯವರು ಮನೆಮನೆಗೆ ಹೋಗಿ ಮಕ್ಕಳ ಲೆಕ್ಕವನ್ನು ಪರೀಕ್ಷಿಸುತ್ತಾರೆ: ಅಂಕಿ ಗುರುತಿಸುವುದು, ಎರಡಂಕಿಯ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಅದರಲ್ಲಿ ಗುಣಾಕಾರವೆಂಬ ಪ್ರಶ್ನೆಯೇ ಇಲ್ಲ. ಆದರೆ ಭಾಗಾಕಾರದಲ್ಲಿ ಎಡವಿದ ಮಗು ಅನೇಕ ವೇಳೆ ಎಡವುವುದು ಮಗ್ಗಿಯಲ್ಲಿಯೇ. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನನ್ನು ಇನ್ನೂ ಹೆಚ್ಚು ಕಾಡಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೋ ಮೊದಲಾದವರು ಕೋಲ್ಕತ್ತಾ ಮತ್ತು ದೆಹಲಿಯ ಸಂತೆಗಳಲ್ಲಿ ತರಕಾರಿ ಮಾರುವ ಮಕ್ಕಳನ್ನು ನೋಡಿದರು. ಬೆಲೆ, ತೂಕ, ಚಿಲ್ಲರೆ ಎಲ್ಲವನ್ನೂ ಮನಸ್ಸಿನಲ್ಲಿಯೇ ಗುಣಿಸಿ ಕ್ಷಣದಲ್ಲಿ ಹೇಳುವ ಆ ಮಕ್ಕಳು, ಅದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟಾಗ ಸೋತರು. ಶಾಲೆಯ ಮಕ್ಕಳು ಕಾಗದದ ಲೆಕ್ಕ ಮಾಡಿದರು, ಸಂತೆಯ ಲೆಕ್ಕದಲ್ಲಿ ಸೋತರು. ನಮ್ಮ ಮಿರ್ಚಿ ಅಂಗಡಿಯ ಹುಡುಗಿಯೊಳಗೆ ಈ ಎರಡೂ ಗುಂಪು ಒಟ್ಟಿಗೇ ಇದ್ದವು, ಒಂದಕ್ಕೊಂದು ಪರಿಚಯವಿಲ್ಲದೆ.

ಏನು ಮಾಡಿದೆವು ಎಂದು ತಾವು ಕೇಳಬಹುದು. ದೊಡ್ಡದೇನನ್ನೂ ಮಾಡಲಿಲ್ಲ. ಪಾಠ ಹೇಳಿಕೊಡುವ ಸಿಸ್ಟರ್ ಒಬ್ಬರು ಅಂಗಳದಲ್ಲಿ ರಂಗೋಲಿಯ ಚುಕ್ಕಿ ಇಡಿಸಿದರು; ಏಳು ಸಾಲು, ಸಾಲಿಗೆ ಎಂಟು. ಹುಡುಗಿ ಈ ಬದಿಯಿಂದ ಎಣಿಸಿದಳು, ಆ ಬದಿಗೆ ಹೋಗಿ ನಿಂತು ಎಣಿಸಿದಳು. “ಅಲ್ಲಿಂದ ನೋಡಿದ್ರೆ ಎಂಟೇಳಲಿ ಆಗ್ತತಿ, ಸಿಸ್ಟರ್” ಎಂದಳು. ಆ ಒಂದು ಮಾತಿನಿಂದ ಮಗ್ಗಿಯ ಅರ್ಧ ಭಾರ ಇಳಿಯಿತು. ಹತ್ತರವರೆಗಿನ ಮಗ್ಗಿಯಲ್ಲಿ ನೂರು ಮನೆಗಳಿವೆ. ಹೀಗೆ ತಿರುಗಿಸಿ ನೋಡಿದರೆ 55 ಸಾಕು. ಒಂದರದೂ ಹತ್ತರದೂ ಮಗ್ಗಿಯೇ ಅಲ್ಲ. ಅವನ್ನು ಬಿಟ್ಟರೆ 36. ಎರಡು ಮತ್ತು ಐದು ಎಲ್ಲ ಮಕ್ಕಳಿಗೂ ಬರುತ್ತವೆ. ಅವೂ ಹೋದರೆ ನಿಜವಾಗಿ ಕಷ್ಟಪಟ್ಟು ಕಲಿಯಬೇಕಾದವು 21 ಮಾತ್ರ. ಬೆತ್ತ ಹಿಡಿದವರು ಯಾರೂ ನನಗೆ ಈ ಲೆಕ್ಕ ಹೇಳಿರಲಿಲ್ಲ. ಮರುದಿನ ಸಿಸ್ಟರ್ ಆ ಚುಕ್ಕಿಗಳ ನಡುವೆ ಒಂದು ಕಡ್ಡಿ ಇಟ್ಟು, ಏಳು ಸಾಲನ್ನು ಐದು ಮತ್ತು ಎರಡಾಗಿ ಒಡೆದರು. ಐದೆಂಟಲಿ ನಲವತ್ತು, ಎರಡೆಂಟಲಿ ಹದಿನಾರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರೆ ಮಿರ್ಚಿ ಐವತ್ತಾರು. ಅವತ್ತು ನಾ ತಪ್ಪು ಹೇಳಿದ್ದೆ” ಎಂದಳು. ತಿಂಗಳ ಹಿಂದಿನ ಪ್ರಶ್ನೆಯನ್ನು ಅವಳು ಮರೆತಿರಲಿಲ್ಲ.

ಹಾಡನ್ನು ನಾವು ಬಿಡಲಿಲ್ಲ. ಚುಕ್ಕಿಯಲ್ಲಿ ಕಂಡದ್ದನ್ನು ಈಗ ಕನ್ನಡದಲ್ಲಿಯೇ ಹಾಡುತ್ತಾರೆ. ಶಾಲೆಯಲ್ಲಿ ಬೇಕಾದಾಗ ‘ಝಾ’ವನ್ನೂ ಹೇಳುತ್ತಾರೆ. ಪಕ್ಕದಲ್ಲಿ ಮನೆ ಕಟ್ಟಿಸುತ್ತಿದ್ದವರಿಂದ ಎರಡು ಬುಟ್ಟಿ ಮರಳು ಕೇಳಿ ತಂದು, ಜರಡಿ ಹಿಡಿದು, ಜಗಲಿಯ ಮೇಲೆ ಹರಡಿದ್ದೇವೆ. ನಾಲ್ವರು ನಾಲ್ವರಾಗಿ ಕೂರಿಸುತ್ತೇವೆ. ನಾಲ್ವರಲ್ಲಿ ಇಬ್ಬರಾದರೂ ಹುಡುಗಿಯರಿರುತ್ತಾರೆ.

ಹೋದ ವಾರ ಅವರಿಗೆ ನನ್ನ ತಾತನವರ ವಿಷಯ ಹೇಳಿದೆ. ಮುಕ್ಕಾಲಿನ ಮಗ್ಗಿ ಹೇಳಿಕೊಡಲೇಬೇಕೆಂದು ಹಟ ಹಿಡಿದರು. ಮುಕ್ಕಾಲೊಂದಲಿ ಮುಕ್ಕಾಲು, ಮುಕ್ಕಾಲೆರಡಲಿ ಒಂದೂವರೆ, ಮುಕ್ಕಾಲ್ಮೂರಲಿ ಎರಡೂಕಾಲು, ಮುಕ್ಕಾಲ್ನಾಲ್ಕಲಿ ಮೂರು ಎಂದು ಗಾಂಭೀರ್ಯದಿಂದಲೇ ಆರಂಭಿಸಿದೆ. ಏಳಕ್ಕೆ ಬಂದಾಗ ನಾಲಿಗೆ ತಡವರಿಸಿ ಐದೂವರೆ ಎಂದುಬಿಟ್ಟೆ. ಮಿರ್ಚಿ ಅಂಗಡಿಯ ಹುಡುಗಿ ಮರಳಿನಲ್ಲಿ ಏಳು ಗೆರೆ ಎಳೆದು, ಒಂದೊಂದರಿಂದಲೂ ಕಾಲು ಕಾಲು ಅಳಿಸಿ, ತಲೆಯೆತ್ತಿದಳು. “ಐದೂಕಾಲು, ಫಾದರ್” ಎಂದಳು. ಉಳಿದ ಮೂವರೂ ಅದನ್ನೇ ಹಾಡಿ, ಅದನ್ನೇ ಬರೆದರು.